ಓದದೆ ಬರೆಯುವ ವಿದ್ಯೆ

ಕನ್ನಡ ಓದಿ ಎಸ್ಸೆಸ್ಸೆಲ್ಸಿ ದಾಟಿದ ಯಾರನ್ನಾದರೂ ನಡುರಾತ್ರಿ ಎಬ್ಬಿಸಿ ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಎಂದು ಹೇಳಿ ನೋಡಿ. ಕಣ್ಣು ಬಿಡುವ ಮೊದಲೇ ಬಾಯಿ ಬಿಡುತ್ತಾರೆ. ಈ ವಾಕ್ಯವನ್ನು ಇಂಥ ಕವಿ ರಚಿಸಿರುವ ಇಂಥ ಕೃತಿಯಿಂದ ಆಯ್ದ ಇಂಥ ಪದ್ಯಭಾಗದಿಂದ ಆರಿಸಿಕೊಳ್ಳಲಾಗಿದೆ. ಈ ಮಾತನ್ನು ಇಂಥವರು ಇಂಥವರಿಗೆ ಹೇಳುವ ಸಂದರ್ಭವಾಗಿದೆ. ಇಲ್ಲಿ ಇಂಥವರ ಇಂಥ ಗುಣ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ. ಮೂರು ತುಂಡು, ಮೂರು ಅಂಕ, ಮುಂದಿನ ಪ್ರಶ್ನೆ.

ಇದರ ಬಗ್ಗೆ ಯಾರಿಗೂ ತಕರಾರಿಲ್ಲ ಎಂಬುದೇ ನನ್ನ ತಕರಾರು. ಶಿಕ್ಷಕರ ಕೊಠಡಿಯಲ್ಲಿ, ತರಬೇತಿ ಕಾರ್ಯಾಗಾರದಲ್ಲಿ, ಪೋಷಕರ ಸಭೆಯಲ್ಲಿ ಎಲ್ಲಿ ಮಾತೆತ್ತಿದರೂ ಒಂದೇ ಉತ್ತರ. ಮಕ್ಕಳಿಗೆ ಒಂದು ಚೌಕಟ್ಟು ಬೇಕಲ್ಲ ಸಾರ್. ಚೌಕಟ್ಟು ಕೊಟ್ಟರೆ ದಡ್ಡ ಮಗುವೂ ನಾಲ್ಕು ಸಾಲು ಬರೆಯುತ್ತದೆ, ಹಳ್ಳಿಯ ಮಗುವೂ ಪಾಸಾಗುತ್ತದೆ, ಮೌಲ್ಯಮಾಪನದಲ್ಲಿ ಒಬ್ಬರಿಗೊಂದು ನ್ಯಾಯ ಆಗುವುದಿಲ್ಲ. ಕೇಳಲು ಎಷ್ಟು ಕರುಣೆಯ ಮಾತು! ಈ ಕರುಣೆಯೇ ಮೂರು ತಲೆಮಾರಿನ ಕನ್ನಡದ ಮಕ್ಕಳಿಗೆ ಸಾಹಿತ್ಯದ ಬಗ್ಗೆ ಸ್ವಂತದ ಒಂದು ವಾಕ್ಯ ಬರೆಯಲು ಬಾರದಂತೆ ಮಾಡಿದೆ.

ಚೌಕಟ್ಟು ಬೇಕು, ಒಪ್ಪಿದೆ. ಸಾಹಿತ್ಯದ ಬಗ್ಗೆ ಒಂದು ಪ್ಯಾರಾ ಬರೆಯುವುದು ತಾನಾಗಿ ಬರುವ ವಿದ್ಯೆಯಲ್ಲ, ಕಲಿಸಬೇಕು. ಆದರೆ ನಾವು ಕೊಟ್ಟಿರುವುದು ಏನನ್ನು ಹಿಡಿದಿಡುವ ಚೌಕಟ್ಟು?

ಮೊದಲ ತುಂಡು ‘ಆಯ್ಕೆ’. ಕವಿ ಯಾರು, ಕೃತಿ ಯಾವುದು, ಪದ್ಯದ ಹೆಸರೇನು. ಪ್ರಶ್ನೆಪತ್ರಿಕೆ ಮಾಡಿದವರಿಗೆ ಇದು ಗೊತ್ತಿಲ್ಲವೇ? ಉತ್ತರಪತ್ರಿಕೆ ತಿದ್ದುವವರಿಗೆ ಗೊತ್ತಿಲ್ಲವೇ? ಗೊತ್ತಿರುವವರಿಗೆ ಗೊತ್ತಿರುವುದನ್ನೇ ವರದಿ ಮಾಡಿದ್ದಕ್ಕೆ ಒಂದು ಅಂಕ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಎಂಬ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನೇ ತೆಗೆದುಹಾಕಿ ಪದ್ಯಗಳನ್ನು ಹಂಚಿದರು, ಅವರು ಬರೆದುಕೊಟ್ಟದ್ದನ್ನೆಲ್ಲ ಕಲೆಹಾಕಿ 1929ರಲ್ಲಿ ಪುಸ್ತಕ ಮಾಡಿದರು. ಹೆಸರಿನ ಆಸರೆ ತಪ್ಪಿದ ಕೂಡಲೇ ಓದು ಎಷ್ಟು ಬಡವಾಗಿತ್ತು ಎಂಬುದು ಬಯಲಾಯಿತು. ಓದುವುದನ್ನು ಹೇಗೆ ಕಲಿಸಬೇಕು ಎಂಬ ಚರ್ಚೆ ಅಲ್ಲಿಂದ ಬೆಳೆಯಿತು. ಅದಾಗಿ ನೂರು ವರ್ಷ ಆಗುತ್ತ ಬಂತು. ನಾವಿನ್ನೂ ಹೆಸರಿಗೇ ಮೊದಲ ಅಂಕ ಕೊಡುತ್ತಿದ್ದೇವೆ.

ಎರಡನೆಯದು ‘ಸಂದರ್ಭ’. ಯಾರು ಯಾರಿಗೆ ಯಾವಾಗ ಹೇಳಿದರು. ಇದು ಕಥೆಯ ಹಾಜರಿ. ಗೈಡಿನಲ್ಲಿ ಎರಡು ಸಾಲಿನಲ್ಲಿ ಸಿಗುತ್ತದೆ, ಮೂಲ ಪದ್ಯವನ್ನು ತೆರೆದು ನೋಡುವ ಅಗತ್ಯವೇ ಬೀಳುವುದಿಲ್ಲ. ಮೂರನೆಯದಾದರೂ ನಮ್ಮನ್ನು ಕಾಪಾಡಬೇಕಿತ್ತು. ಸ್ವಾರಸ್ಯ ಎಂದರೆ ಓದಿದವರ ನಾಲಿಗೆಗೆ ಹತ್ತಿದ ರುಚಿ, ಅದು ಒಬ್ಬೊಬ್ಬರಿಗೆ ಒಂದೊಂದಾಗಿ ಇರಬೇಕಾದದ್ದು. ಅದನ್ನೂ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದುಕೊಡುತ್ತಾರೆ. ರುಚಿ ನೋಡುವುದು ಒಬ್ಬರು, ಚಪ್ಪರಿಸುವುದು ಲಕ್ಷಾಂತರ ಮಕ್ಕಳು!

ಆ ಮೂರನೆಯ ತುಂಡಿನ ಶಬ್ದಸಂಪತ್ತನ್ನು ಒಮ್ಮೆ ಎಣಿಸಿ. ಸ್ವಾರಸ್ಯಪೂರ್ಣವಾಗಿ, ಮನೋಜ್ಞವಾಗಿ, ಮಾರ್ಮಿಕವಾಗಿ, ಹೃದಯಂಗಮವಾಗಿ. ಈ ನಾಲ್ಕು ಪದಗಳನ್ನು ರನ್ನನಿಗೂ ಹಚ್ಚಬಹುದು, ಜಿ.ಎಸ್. ಶಿವರುದ್ರಪ್ಪನವರಿಗೂ ಹಚ್ಚಬಹುದು, ಗ್ರಾಮ ಪಂಚಾಯಿತಿಯ ಸ್ವಾಗತ ಭಾಷಣಕ್ಕೂ ಹಚ್ಚಬಹುದು. ಹತ್ತನೇ ತರಗತಿಯ ಯಾವ ನೋಟ್‌ಬುಕ್ಕನ್ನಾದರೂ ತೆಗೆದುಕೊಂಡು ‘ಛಲಮನೆ ಮೆರೆವೆಂ’ ಪದ್ಯದ ಸ್ವಾರಸ್ಯವನ್ನು ‘ವೀರಲವ’ ಪದ್ಯದ ಉತ್ತರಕ್ಕೆ ಅಂಟಿಸಿ ನೋಡಿ. ಹೆಸರು ಬದಲಿಸಿದರೆ ಸಾಕು, ಏನೂ ಕುಸಿಯುವುದಿಲ್ಲ. ಯಾವ ಪದ್ಯಕ್ಕೂ ಸಲ್ಲುವ ಉತ್ತರ ಯಾವ ಪದ್ಯದ ಉತ್ತರ?

ಇನ್ನು ‘ಮೌಲ್ಯ’. ಪದ್ಯಭಾಗವನ್ನು ಓದಿ ಅದರಲ್ಲಿ ಅಡಕವಾಗಿರುವ ಮೌಲ್ಯವನ್ನು ಕುರಿತು ಸಾರಾಂಶ ಬರೆಯಬೇಕಂತೆ. ಕವಿತೆ ಎಂದರೆ ಒಳಗೊಂದು ಮೌಲ್ಯವನ್ನು ಬಚ್ಚಿಟ್ಟುಕೊಂಡ ಡಬ್ಬಿ, ಮುಚ್ಚಳ ಬಿಚ್ಚಿ ತೆಗೆದರೆ ಮುಗಿಯಿತು ಎಂಬ ಈ ನಂಬಿಕೆ ಎಲ್ಲಿಂದ ಬಂತೋ ಕಾಣೆ. ಕರ್ಣ ಎಂದರೆ ಸ್ವಾಮಿನಿಷ್ಠೆ, ಶಬರಿ ಎಂದರೆ ಭಕ್ತಿ, ಸಾರಾ ಅಬೂಬಕ್ಕರ್ ಅವರ ‘ಯುದ್ಧ’ ಎಂದರೆ ಮಾನವೀಯತೆ, ಹಲಗಲಿಯ ಬೇಡರು ಎಂದರೆ ದೇಶಪ್ರೇಮ. ಅಂಗಡಿಯ ಡಬ್ಬಗಳ ಮೇಲೆ ಚೀಟಿ ಅಂಟಿಸುವಷ್ಟೇ ಸಲೀಸು.

ಆ ಹಲಗಲಿಯ ಚೀಟಿಯನ್ನೇ ಸ್ವಲ್ಪ ಕಿತ್ತು ನೋಡೋಣ. ಮುಧೋಳದ ಬಳಿಯ ಹಲಗಲಿಯ ಬೇಡರು 1857ರಲ್ಲಿ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದರು. ಕಾರಣ, ಜನರ ಕೈಯಲ್ಲಿದ್ದ ಆಯುಧಗಳನ್ನೆಲ್ಲ ಒಪ್ಪಿಸಬೇಕು ಎಂಬ ಆಜ್ಞೆ. ಆಯುಧವೇ ಅವರ ಬದುಕು, ಮಾನ ಎರಡೂ ಆಗಿತ್ತು. ಹನುಮ, ಬಾಲ, ಜಡಗ, ರಾಮರ ಹೆಸರು ಹೇಳುವ ಲಾವಣಿ ಈಗ ಪಠ್ಯದಲ್ಲಿದೆ. ಉತ್ತರಪತ್ರಿಕೆಗಳಲ್ಲಿ ಇದು ‘ಬೇಡರ ದೇಶಪ್ರೇಮ, ಸ್ವಾತಂತ್ರ್ಯಪ್ರೇಮ ಮನೋಜ್ಞವಾಗಿ ಮೂಡಿಬಂದಿದೆ’ ಎಂದು ಮುಗಿಯುತ್ತದೆ. ಮುಗಿಯಲಿ. ಆದರೆ ಲಾವಣಿಯ ಕೊನೆಯ ಭಾಗಕ್ಕೆ ಬಂದಾಗ ಕವಿ ಒಂದು ವಿಚಿತ್ರ ಕೆಲಸ ಮಾಡುತ್ತಾನೆ. ದಂಡು ಊರು ಹೊಕ್ಕು ದೋಚಿದ್ದನ್ನು ಪಟ್ಟಿ ಮಾಡುತ್ತಾನೆ. ಆ ಪಟ್ಟಿಯಲ್ಲಿ ಕುಡ, ಕೊಡಲಿ ಇವೆ ಸರಿ. ಅವುಗಳ ಜೊತೆಗೆ ಜೀರಿಗೆ ಇದೆ, ಅರಿಶಿನ ಇದೆ, ಹಾಲು ಬೆಣ್ಣೆ ಇವೆ, ಮಂಗಳಸೂತ್ರ ಇದೆ, ಬೀಸುವ ಕಲ್ಲೂ ಇದೆ. ಯುದ್ಧದ ಹಾಡಿನಲ್ಲಿ ಜೀರಿಗೆಗೆ ಏನು ಕೆಲಸ? ದೇಶಪ್ರೇಮದ ಪದ್ಯದೊಳಗೆ ಬೀಸುವ ಕಲ್ಲನ್ನು ಹೊತ್ತು ತಂದವರು ಯಾರು?

ಹದಿನೈದು ವರ್ಷದ ಹುಡುಗಿಯೊಬ್ಬಳು ಈ ಪ್ರಶ್ನೆಯ ಬೆನ್ನು ಹತ್ತಿ ಹೀಗೆ ಬರೆದಳು ಎಂದುಕೊಳ್ಳಿ: ‘ಈ ಲಾವಣಿ ಸೋಲನ್ನು ಅಡುಗೆಮನೆಯಲ್ಲಿ ನಿಂತು ಅಳೆಯುತ್ತದೆ ಎಂದು ನನಗೆ ಅನಿಸುತ್ತದೆ. ಲೂಟಿಯ ಭಾಗದಲ್ಲಿ ಕವಿ ಕೊಡಲಿ, ಕುಡಗಳ ಜೊತೆಗೆ ಅರಿಶಿನ, ಜೀರಿಗೆ, ಬೀಸುವ ಕಲ್ಲುಗಳನ್ನೂ ಹೆಸರಿಸುತ್ತಾನೆ. ಜೀರಿಗೆಯಿಂದ ಸರ್ಕಾರಕ್ಕೆ ಯಾವ ಅಪಾಯವೂ ಇರಲಿಲ್ಲ. ಆಯುಧ ಕಸಿಯಲು ಹೊರಟವರು ಬೀಸುವ ಕಲ್ಲನ್ನೂ ಒಯ್ದರು ಎಂದರೆ, ಈ ಊರಿನಲ್ಲಿ ಮತ್ತೆ ಒಲೆ ಹೊತ್ತಬಾರದು ಎಂಬುದು ಅವರ ಉದ್ದೇಶವಾಗಿರಬೇಕು. ಶೂರರ ಹೆಸರುಗಳಿಂದ ಶುರುವಾದ ಹಾಡು ಮನೆಸಾಮಾನಿನ ಹೆಸರುಗಳಿಗೆ ಬಂದು ತಲುಪುವುದರಿಂದ, ಸತ್ತವರ ಶೌರ್ಯದಷ್ಟೇ ಉಳಿದವರ ಹಸಿವೂ ನಮಗೆ ಕಾಣುತ್ತದೆ.’

ಇದಕ್ಕೆ ಎಷ್ಟು ಅಂಕ? ಆಯ್ಕೆ ಬರೆದಿಲ್ಲ, ಒಂದು ಹೋಯಿತು. ಸಂದರ್ಭ ಪೂರ್ತಿ ಇಲ್ಲ, ಅರ್ಧ ಹೋಯಿತು. ದೇಶಪ್ರೇಮ ಎಂಬ ಪದವಂತೂ ಎಲ್ಲೂ ಇಲ್ಲ. ‘ನನಗೆ ಅನಿಸುತ್ತದೆ’ ಎಂದು ಬೇರೆ ಬರೆದಿದ್ದಾಳೆ, ಎಂಥ ಉದ್ಧಟತನ! ಆದರೆ ಲಾವಣಿಯನ್ನು ಓದಿದವಳು ಅವಳೊಬ್ಬಳೇ. ಅವಳ ಪ್ಯಾರಾಕ್ಕೂ ಒಂದು ಕಟ್ಟು ಇದೆ, ಗಮನಿಸಿ. ಮೊದಲ ವಾಕ್ಯದಲ್ಲಿ ಯಾರಾದರೂ ‘ಇಲ್ಲ’ ಎನ್ನಬಹುದಾದ ಒಂದು ಮಾತು ಹೇಳಿದ್ದಾಳೆ. ಪದ್ಯದೊಳಗಿನ ಇಂಥದೇ ಜಾಗ ಎಂದು ಬೆರಳಿಟ್ಟು ತೋರಿಸಿದ್ದಾಳೆ. ಆ ಜಾಗದಿಂದ ತನ್ನ ಮಾತಿಗೆ ಹೇಗೆ ಬಂದೆ ಎಂಬ ದಾರಿಯನ್ನು ಬಿಡಿಸಿದ್ದಾಳೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಲಾವಣಿಯಲ್ಲಿ ಹೊಡೆದಾಟದ ಸಾಲುಗಳೇ ಹೆಚ್ಚಿವೆಯಲ್ಲ, ಒಂದು ಪಟ್ಟಿ ಹಿಡಿದುಕೊಂಡು ಇಡೀ ಹಾಡನ್ನು ಅಡುಗೆಮನೆಗೆ ನೂಕಿದರೆ ಹೇಗೆ?’ ಎಂದರೆ ಅವಳು ಮತ್ತೆ ಪದ್ಯ ತೆರೆಯಬೇಕು. ಅವನೂ ತೆರೆಯಬೇಕು. ಸಾಹಿತ್ಯದ ತರಗತಿಯಲ್ಲಿ ಆಗಬೇಕಾದ ಒಂದೇ ಕೆಲಸ ಇದು, ಪುಸ್ತಕವನ್ನು ಮತ್ತೆ ತೆರೆಯುವುದು. ‘ದೇಶಪ್ರೇಮ ಮನೋಜ್ಞವಾಗಿ ಮೂಡಿಬಂದಿದೆ’ ಎಂದವರು ಯಾರೂ ಪುಸ್ತಕ ತೆರೆಯಬೇಕಿಲ್ಲ. ಅದಕ್ಕೆ ಎದುರು ಮಾತೇ ಇಲ್ಲ. ಎದುರು ಮಾತಿಲ್ಲದ್ದು ವಿಶ್ಲೇಷಣೆ ಹೇಗಾದೀತು?

ಕುಮಾರವ್ಯಾಸನ ಕರ್ಣನ ಕತೆಯೂ ಇಷ್ಟೇ. ಸಂಧಾನ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣು ತುಂಬುತ್ತದೆ. ಪಠ್ಯದಲ್ಲಿ ಆ ಭಾಗದ ಶೀರ್ಷಿಕೆಯೇ ‘ಕೌರವೇಂದ್ರನ ಕೊಂದೆ ನೀನು’. ಲಕ್ಷಾಂತರ ಮಕ್ಕಳು ಇದರ ಮುಂದೆ ‘ಕರ್ಣನ ಸ್ವಾಮಿನಿಷ್ಠೆ’ ಎಂದು ಬರೆದು ಅಂಕ ಪಡೆದಿದ್ದಾರೆ. ಒಂದು ಮಗುವಾದರೂ ಕೇಳಬೇಡವೇ: ಯುದ್ಧ ಇನ್ನೂ ಶುರುವಾಗಿಲ್ಲ, ಕೌರವ ಬದುಕಿದ್ದಾನೆ, ‘ಕೊಲ್ಲುತ್ತೀಯೆ’ ಎನ್ನುವ ಬದಲು ‘ಕೊಂದೆ’ ಎಂದು ಕರ್ಣ ಯಾಕೆ ಹೇಳಿದ? ಪಾಂಡವರು ತಮ್ಮಂದಿರು ಎಂದು ಗೊತ್ತಾದ ಮೇಲೆ ತನ್ನ ಬಾಣಕ್ಕೆ ಮೊದಲಿನ ಮೊನೆ ಇರುವುದಿಲ್ಲ, ತನ್ನನ್ನೇ ನಂಬಿ ಕೂತ ಗೆಳೆಯ ಈ ಕ್ಷಣದಲ್ಲೇ ಸತ್ತಂತೆ ಎಂದು ಅವನಿಗೆ ಹೊಳೆಯಿತೇ? ಹಾಗಾದರೆ ಇದು ನಿಷ್ಠೆಯ ಘೋಷಣೆಯೋ, ನಿಷ್ಠೆ ಒಳಗೇ ಬಿರುಕು ಬಿಟ್ಟ ಸದ್ದೋ? ಕ್ರಿಯಾಪದದ ಕಾಲವನ್ನು ವ್ಯಾಕರಣದ ಪಿರಿಯಡ್ಡಿನಲ್ಲಿ ಕಲಿಸುತ್ತೇವೆ. ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಪಟ್ಟಿ ಬರೆಸುತ್ತೇವೆ. ಅದೇ ಭೂತಕಾಲ ಮುಂದಿನ ಪಿರಿಯಡ್ಡಿನಲ್ಲಿ ಕರ್ಣನ ಬಾಯಲ್ಲಿ ಬಂದು ಕೂತಾಗ ಅದರ ಗುರುತೇ ನಮಗೆ ಹತ್ತುವುದಿಲ್ಲ.

ಹಾಗೆ ನೋಡಿದರೆ ಪ್ರಶ್ನೆಪತ್ರಿಕೆಯಲ್ಲಿ ಎಲ್ಲರೂ ಬೈಯುವ ಕಂಠಪಾಠದ ಪ್ರಶ್ನೆಯೇ ಹೆಚ್ಚು ಪ್ರಾಮಾಣಿಕ. ಪದ್ಯ ಬಾಯಿಪಾಠ ಮಾಡು, ಬರೆ, ಅಂಕ ತೆಗೆದುಕೋ. ಅಲ್ಲಿ ಮಗುವಿನ ಬಾಯಲ್ಲಿ ಉಳಿಯುವುದು ಕುಮಾರವ್ಯಾಸ. ಸ್ವಾರಸ್ಯದ ಪ್ರಶ್ನೆಯಲ್ಲಿ ಬಾಯಿಪಾಠವಾಗಿ ಉಳಿಯುವುದು ಗೈಡು ಬರೆದವರ ಗದ್ಯ.

‘ನಿಮ್ಮ ಹುಡುಗಿ ಜಾಣೆ, ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೆ ಇದೆಲ್ಲ ಎಲ್ಲಿ ಬರುತ್ತದೆ’ ಎಂಬ ಮಾತಿಗೆ ಈಗ ಬರುತ್ತೇನೆ. ಈ ವಾದವನ್ನು ನಾನು ಅತ್ಯಂತ ಅಸಹ್ಯದಿಂದ ಕೇಳುತ್ತೇನೆ. ಬೆಂಗಳೂರಿನ ದುಬಾರಿ ಶಾಲೆಯ ಮಗುವಿಗೆ ಇಂಗ್ಲಿಷ್ ತರಗತಿಯಲ್ಲಿ ‘ನಿನ್ನ ಅಭಿಪ್ರಾಯವೇನು, ಪಠ್ಯದಿಂದ ತೋರಿಸು’ ಎಂದು ಕೇಳಬಹುದು. ಕನ್ನಡ ಶಾಲೆಯ ಮಗುವಿಗೆ ಮಾತ್ರ ಬಿಟ್ಟ ಸ್ಥಳ ತುಂಬಿಸುವ ಬುದ್ಧಿ ಸಾಕು! ವಾದ ಮಾಡುವುದನ್ನು ಹಳ್ಳಿಗೆ ಹೊಸದಾಗಿ ಯಾರೂ ತರಬೇಕಿಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ ಕಟ್ಟಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ಹಾಡಿನಲ್ಲೇ ಸವಾಲು ಜವಾಬು ನಡೆಯುತ್ತದೆ. ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ಭಾಗವತರು ಒಂದು ಪದ ಹಾಡಿ ಮುಗಿಸಿದರೆ ಅರ್ಥಧಾರಿ ಅದರಿಂದ ಗಂಟೆಗಟ್ಟಲೆ ಅರ್ಥ ಎಳೆಯುತ್ತಾನೆ. ಎದುರಿನವನು ಸುಮ್ಮನೆ ಕೇಳುತ್ತ ಕೂರುವುದಿಲ್ಲ. ಪದದಲ್ಲಿ ಇಲ್ಲದ್ದನ್ನು ಹೇಳಿದರೆ ಅಲ್ಲೇ ಹಿಡಿಯುತ್ತಾನೆ, ಇರುವುದನ್ನು ಬಿಟ್ಟರೂ ಹಿಡಿಯುತ್ತಾನೆ. ‘ಕೃಷ್ಣ ಸಂಧಾನ’ದಲ್ಲಿ ಕೌರವನ ಪಾತ್ರ ವಹಿಸಿದವರು ತಮ್ಮ ಹಟಕ್ಕೆ ಕೊಡುವ ಸಮರ್ಥನೆಗಳನ್ನು ಒಂದು ರಾತ್ರಿ ಕೂತು ಕೇಳಿ. ಹೇಳಿಕೆ, ಆಧಾರ, ತರ್ಕ, ಆಕ್ಷೇಪಕ್ಕೆ ಉತ್ತರ, ಎಲ್ಲ ಅಲ್ಲಿದೆ. ಆ ಚಾವಡಿಯಲ್ಲಿ ರಾತ್ರಿಯಿಡೀ ಅಜ್ಜನ ಪಕ್ಕ ಕೂತು ಕೇಳಿದ ಹುಡುಗ ಬೆಳಿಗ್ಗೆ ಶಾಲೆಗೆ ಬಂದು ‘ಆರಿಸಿಕೊಳ್ಳಲಾಗಿದೆ’ ಎಂದು ಬರೆಯುತ್ತಾನೆ. ದಡ್ಡರು ಯಾರು, ಅವನೋ ನಾವೋ?

ಚೌಕಟ್ಟು ಆರಂಭದ ಆಸರೆ ಮಾತ್ರ, ಮುಂದೆ ಮಕ್ಕಳು ತಾವೇ ಬರೆಯುತ್ತಾರೆ ಎಂಬುದು ಇನ್ನೊಂದು ಸಮಾಧಾನ. ಸೈಕಲ್ ಕಲಿಸುವವರು ಹಿಂದಿನ ಸೀಟು ಹಿಡಿದುಕೊಂಡು ಓಡುತ್ತಾರೆ, ನಿಜ. ನೀವು ಯಾವಾಗ ಕೈ ಬಿಡುತ್ತೀರಿ? ಪ್ರೌಢಶಾಲೆಯಲ್ಲಿ ಬಿಡಲಿಲ್ಲ. ಪಿಯುಸಿಯಲ್ಲೂ ಸಂದರ್ಭ ಸ್ವಾರಸ್ಯ. ಪದವಿಯ ಭಾಷಾ ಪತ್ರಿಕೆಯಲ್ಲೂ ಸಂದರ್ಭ, ಟಿಪ್ಪಣಿ, ಸಾರಾಂಶ. ಅಲ್ಲಿಂದ ಎಂ.ಎ. ಮಾಡಿ ಅಧ್ಯಾಪಕರಾಗಿ ಬಂದವರು ಅದನ್ನೇ ಮತ್ತೆ ಹಲಗೆಯ ಮೇಲೆ ಬರೆಯುತ್ತಾರೆ. ಬರೀ ಶಾಲೆಯ ರೋಗವಾಗಿದ್ದರೆ ಸಹಿಸಬಹುದಿತ್ತು. ನಮ್ಮ ಭಾನುವಾರದ ಪುರವಣಿಗಳ ಪುಸ್ತಕ ಪರಿಚಯಗಳನ್ನು ಓದಿ. ಲೇಖಕರ ಊರು, ಹಿಂದಿನ ಕೃತಿಗಳು, ಪ್ರಶಸ್ತಿ. ಆಮೇಲೆ ಕಥೆಗಳ ಸಾರಾಂಶ. ಕೊನೆಗೆ ‘ಬದುಕಿನ ತಲ್ಲಣಗಳನ್ನು ಮನೋಜ್ಞವಾಗಿ ಕಟ್ಟಿಕೊಟ್ಟಿದ್ದಾರೆ’. ಆಯ್ಕೆ, ಸಂದರ್ಭ, ಸ್ವಾರಸ್ಯ! ಕೀರ್ತಿನಾಥ ಕುರ್ತಕೋಟಿ, ಡಿ.ಆರ್. ನಾಗರಾಜರಂಥ ವಿಮರ್ಶಕರಿದ್ದ ಭಾಷೆಯಲ್ಲಿ ಈಗ ವಿಮರ್ಶೆ ಸೊರಗಿದೆ ಎಂದು ಗೋಷ್ಠಿಗಳಲ್ಲಿ ಗೋಳಾಡುವವರು ಒಮ್ಮೆ ಹತ್ತನೇ ತರಗತಿಯ ಉತ್ತರಪತ್ರಿಕೆ ತೆರೆದು ನೋಡಲಿ.

ಅಂಕಗಳ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ವಿನೋದವಾಗಿದೆ. 2022ರ ಎಸ್ಸೆಸ್ಸೆಲ್ಸಿಯಲ್ಲಿ 145 ಮಕ್ಕಳು 625ಕ್ಕೆ 625 ಪಡೆದರು. ಅಂದರೆ ಅವರ ಪ್ರಥಮ ಭಾಷೆಯಲ್ಲೂ 125ಕ್ಕೆ 125. ಪ್ರಥಮ ಭಾಷೆಯೊಂದರಲ್ಲೇ ಪೂರ್ಣಾಂಕ ಪಡೆಯುವವರು ಸಾವಿರಾರು. ಆ ಮಕ್ಕಳ ಶ್ರಮಕ್ಕೆ ನನ್ನ ನಮಸ್ಕಾರ, ಕೇಳಿದ್ದಕ್ಕೆಲ್ಲ ಅವರು ಉತ್ತರ ಕೊಟ್ಟಿದ್ದಾರೆ. ನನ್ನ ಜಗಳ ಕೇಳಿದವರ ಜೊತೆ. ಗಣಿತದಲ್ಲಿ ನೂರಕ್ಕೆ ನೂರು ಎಂದರೆ ಅರ್ಥವಾಗುತ್ತದೆ. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ ಬರೆದದ್ದರಲ್ಲಿ ಒಂದೇ ಒಂದು ಅರ್ಧ ಅಂಕವೂ ಹೋಗದಂತೆ ಸಾವಿರಾರು ಮಕ್ಕಳು ಬರೆಯುತ್ತಾರೆ ಎಂದರೆ, ಆ ಪದ್ಯದ ಬಗ್ಗೆ ನಾವು ಏನನ್ನು ಕೇಳಿರಬಹುದು?

ಮೌಲ್ಯಮಾಪಕರಿಗೆ ಸಮಯ ಎಲ್ಲಿದೆ, ಬೇರೆ ಬೇರೆ ಉತ್ತರ ಬಂದರೆ ಒಬ್ಬೊಬ್ಬರು ಒಂದೊಂದು ಅಂಕ ಹಾಕಿ ಅನ್ಯಾಯ ಆಗುವುದಿಲ್ಲವೇ? ಆಗಬಹುದು. ಬೇಸಿಗೆಯ ಸೆಕೆಯಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕಟ್ಟುಗಟ್ಟಲೆ ಪತ್ರಿಕೆ ಮುಂದಿಟ್ಟುಕೊಂಡು ಕೂರುವವರ ಕಷ್ಟ ಸುಳ್ಳಲ್ಲ. ಆದರೆ ಅನ್ಯಾಯಕ್ಕೆ ಹೆದರಿ ಎಲ್ಲರೂ ಒಂದೇ ಉತ್ತರ ಬರೆಯುವಂತೆ ಮಾಡುವುದು ಯಾವ ಸೀಮೆಯ ನ್ಯಾಯ? ಇತಿಹಾಸದಲ್ಲಿ, ಸಮಾಜವಿಜ್ಞಾನದಲ್ಲಿ ‘ಚರ್ಚಿಸಿ’ ಎಂಬ ಪ್ರಶ್ನೆಗಳಿಗೆ ಅಂಕ ಹಾಕುತ್ತಿಲ್ಲವೇ? ಹೇಳಿಕೆ ಇದೆಯೇ, ಪದ್ಯದಿಂದ ಆಧಾರ ಇದೆಯೇ, ಆಧಾರಕ್ಕೂ ಹೇಳಿಕೆಗೂ ಸಂಬಂಧ ಕಟ್ಟಿದ್ದಾರೆಯೇ ಎಂದು ನೋಡಲು ‘ಮನೋಜ್ಞವಾಗಿ’ ಎಂಬ ಪದವನ್ನು ಹುಡುಕುವುದಕ್ಕಿಂತ ಎಷ್ಟು ಹೆಚ್ಚು ಹೊತ್ತು ಬೇಕು? ಬೇಕಾದ್ದು ಹೊತ್ತಿಗಿಂತ ಹೆಚ್ಚಾಗಿ ಪದ್ಯ ಓದಿರುವ ಮೌಲ್ಯಮಾಪಕರು. ಕೀ ಉತ್ತರ ಕೈಯಲ್ಲಿರುವ ತನಕ ಅದೂ ಅನಿವಾರ್ಯವಲ್ಲ ಎಂಬುದು ಈ ವ್ಯವಸ್ಥೆಯ ಗುಟ್ಟು. ಚೌಕಟ್ಟು ಆಸರೆಯಾಗಿರುವುದು ಮಗುವಿಗಿಂತ ಹೆಚ್ಚಾಗಿ ನಮಗೆ.

ಹೊಸಕಾಲದವರು ಇದಕ್ಕೆ ಮದ್ದು ಕಂಡುಹಿಡಿದಿದ್ದಾರೆ. ಇಂಗ್ಲಿಷ್ ಶಾಲೆಗಳಿಂದ ‘ಪೀಲ್’ ಎಂಬ ಸೂತ್ರ ತಂದಿದ್ದಾರೆ. ಅಂಶ, ಆಧಾರ, ವಿವರಣೆ, ಕೊಂಡಿ ಎಂದು ನಾಲ್ಕು ಖಾನೆ. ನಮ್ಮ ಹಳೆಯ ಚೌಕಟ್ಟಿಗಿಂತ ವಾಸಿ, ಒಪ್ಪುತ್ತೇನೆ. ಆಧಾರ ಎಂಬ ಪದವಾದರೂ ಅದರಲ್ಲಿದೆ. ಆದರೆ ಖಾನೆ ಮೊದಲು ಬಂದು ಪ್ರಶ್ನೆ ಆಮೇಲೆ ಬಂದರೆ ಇದೂ ಅದೇ ದಾರಿ ಹಿಡಿಯುತ್ತದೆ. ಮೇಷ್ಟ್ರು ಅಂಶವನ್ನೂ ಬರೆಸುತ್ತಾರೆ, ಆಧಾರವನ್ನೂ ಗುರುತು ಹಾಕಿಕೊಡುತ್ತಾರೆ, ಗೈಡಿನವರು ಕೊಂಡಿಯನ್ನು ಅಚ್ಚು ಹಾಕಿಸುತ್ತಾರೆ. ಪ್ಯಾರಾದ ಕಟ್ಟು ಮಗುವಿಗೆ ಹತ್ತಿದ ಗೊಂದಲದಿಂದ ಹುಟ್ಟಬೇಕು. ಕುವೆಂಪು ಅವರ ‘ಹಸುರು’ ಪದ್ಯದ ಕೊನೆಗೆ ಬರುವ ಹೊತ್ತಿಗೆ ಕವಿಯ ಮೈಯೊಳಗಿನ ರಕ್ತವೂ ಹಸುರಾಗುತ್ತದೆ. ಗೈಡು ಇದನ್ನು ‘ಪ್ರಕೃತಿ ಸೌಂದರ್ಯದ ವರ್ಣನೆ’ ಎನ್ನುತ್ತದೆ. ಹಸುರು ರಕ್ತ ಸೌಂದರ್ಯವೇ? ಸ್ವಲ್ಪ ಭಯವಾಗುವುದಿಲ್ಲವೇ? ನೋಡುವವನೇ ನೋಟದಲ್ಲಿ ಕರಗಿಹೋಗುವುದು ಸುಖವೋ ದಿಗಿಲೋ? ಇಷ್ಟು ಕೇಳಿ ಮೇಷ್ಟ್ರು ಐದು ನಿಮಿಷ ಬಾಯಿ ಮುಚ್ಚಿಕೊಂಡು ಕೂತರೆ ಸಾಕು. ಆ ಮೌನವೇ ನಮ್ಮ ತರಗತಿಗಳಲ್ಲಿ ಅತ್ಯಂತ ದುಬಾರಿ ವಸ್ತು, ಏಕೆಂದರೆ ಮಾರ್ಚ್ ಒಳಗೆ ‘ಪೋರ್ಷನ್’ ಮುಗಿಯಬೇಕು.

ಈ ವಿಷಯದಲ್ಲಿ ನಮ್ಮ ಸಾಹಿತಿಗಳ, ಬುದ್ಧಿಜೀವಿಗಳ ನಿದ್ದೆಯನ್ನೂ ಹೇಳಲೇಬೇಕು. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ವಿಚಾರವಾಗಿ ರಾಜ್ಯವೇ ಹೊತ್ತಿ ಉರಿಯಿತು. ಯಾವ ಪಾಠ ಇರಬೇಕು, ಯಾವುದನ್ನು ಕೈಬಿಟ್ಟರು, ಯಾರನ್ನು ಸೇರಿಸಿದರು ಎಂದು ಬೀದಿಗಿಳಿದೆವು. ದೇವನೂರ ಮಹಾದೇವ ಅವರು ತಮ್ಮ ‘ಎದೆಗೆ ಬಿದ್ದ ಅಕ್ಷರ’ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಮರುವರ್ಷ ಸರ್ಕಾರ ಬದಲಾಯಿತು, ಪಾಠಗಳೂ ಮತ್ತೆ ಬದಲಾದವು. ಆ ಹೋರಾಟ ಬೇಕಿತ್ತು, ನಾನೂ ಅದರ ಪರವೇ. ಆದರೆ ಅಷ್ಟೂ ಗಲಾಟೆಯಲ್ಲಿ ಪಾಠದ ಹಿಂದಿನ ಪುಟಕ್ಕೆ, ಅಭ್ಯಾಸದ ಪ್ರಶ್ನೆಗಳಿಗೆ ಯಾರಾದರೂ ಕಣ್ಣು ಹಾಯಿಸಿದರೇ? ಎಡದವರು ಸೇರಿಸಿದ ಪಾಠಕ್ಕೂ ಬಲದವರು ಸೇರಿಸಿದ ಪಾಠಕ್ಕೂ ಕೆಳಗೆ ಇದ್ದದ್ದು ಒಂದೇ ಪ್ರಶ್ನೆ, ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’. ಪ್ರಶ್ನಿಸುವ ಲೇಖಕನ ಪಾಠವನ್ನು ಪ್ರಶ್ನಿಸದ ಹಾಗೆ ಓದಿಸುವುದಾದರೆ ಆ ಪಾಠ ಪುಸ್ತಕದಲ್ಲಿದ್ದೂ ಏನಾಯಿತು? ಪಠ್ಯದಲ್ಲಿ ಯಾರಿದ್ದಾರೆ ಎಂಬ ಜಗಳಕ್ಕೆ ಸಾವಿರ ಜನ, ಪಠ್ಯವನ್ನು ಹೇಗೆ ಓದಬೇಕು ಎಂಬ ಜಗಳಕ್ಕೆ ಒಬ್ಬರೂ ಇಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠದಿಂದ ಹೊರಗೆ ಬನ್ನಿ, ಮಗು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳಲಿ ಎಂದು ಹೇಳಿ ಇಪ್ಪತ್ತು ವರ್ಷ ಕಳೆಯಿತು. ಆ ಮಾತನ್ನು ನಮ್ಮ ಪಠ್ಯಪುಸ್ತಕಗಳ ಮುನ್ನುಡಿಗಳಲ್ಲಿ ಭಕ್ತಿಯಿಂದ ಅಚ್ಚು ಹಾಕಿದ್ದೇವೆ. ಅದರ ಹಿಂದೆಯೇ ‘ಇಷ್ಟು ಓದಿದರೆ ಪಾಸು’ ಎನ್ನುವ ಪಾಸಿಂಗ್ ಪ್ಯಾಕೇಜ್ ಹಂಚಿದ್ದೇವೆ. ಆಂತರಿಕ ಮೌಲ್ಯಮಾಪನ ಎಂದು 25 ಅಂಕ ತೆಗೆದಿಟ್ಟೆವು. ಅದು ಪೇಟೆಯ ಅಂಗಡಿಯಲ್ಲಿ ಕವಿಗಳ ಫೋಟೋ ಕೊಂಡು ಪ್ರಾಜೆಕ್ಟ್ ಹಾಳೆಗೆ ಅಂಟಿಸುವ ಹಬ್ಬವಾಯಿತು. ಈಗಂತೂ ಆಯ್ಕೆ, ಸಂದರ್ಭ, ಸ್ವಾರಸ್ಯ ಮೂರನ್ನೂ ಮೊಬೈಲೇ ಬರೆದುಕೊಡುತ್ತದೆ, ಗೈಡಿಗಿಂತ ಶುದ್ಧ ಕನ್ನಡದಲ್ಲಿ. ಯಂತ್ರ ಮಾಡುವ ಕೆಲಸವನ್ನು ಮಗುವಿನಿಂದ ಮಾಡಿಸಿ, ಯಂತ್ರದಷ್ಟು ಚೆನ್ನಾಗಿ ಮಾಡಿದ್ದಕ್ಕೆ ಪೂರ್ಣಾಂಕ ಕೊಡುವ ಈ ನಾಟಕವನ್ನು ಇನ್ನೆಷ್ಟು ವರ್ಷ ಆಡೋಣ?

ಆದ್ದರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯನ್ನು ಕೇಳುತ್ತೇನೆ. ‘ಆಯ್ಕೆ’ಗೆ ಕೊಡುವ ಅಂಕವನ್ನು ನಾಳೆಯೇ ನಿಲ್ಲಿಸಿ, ಕವಿಯ ಹೆಸರು, ಕೃತಿಯ ಹೆಸರು ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿರಲಿ. ‘ಅಡಕವಾಗಿರುವ ಮೌಲ್ಯ’ ಎಂಬ ಪದಪುಂಜವನ್ನು ಪರೀಕ್ಷೆಯಿಂದ ಅಳಿಸಿ. ಮಕ್ಕಳು ಹಿಂದೆಂದೂ ನೋಡಿರದ ಎಂಟು ಹತ್ತು ಸಾಲಿನ ಪದ್ಯವೊಂದನ್ನು ಕೊಟ್ಟು ‘ಇಲ್ಲಿ ನಿನ್ನನ್ನು ತಡೆದು ನಿಲ್ಲಿಸಿದ್ದು ಯಾವುದು, ಯಾಕೆ, ಪದ್ಯದಿಂದಲೇ ತೋರಿಸು’ ಎಂದು ಕೇಳಿ. ನೂರು ಅಂಕದಲ್ಲಿ ನಾಲ್ಕು ಅಂಕ ಸಾಕು. ಆ ನಾಲ್ಕು ಅಂಕಕ್ಕೆ ಕೀ ಉತ್ತರದಲ್ಲಿ ಒಂದೇ ಉತ್ತರ ಅಚ್ಚು ಹಾಕಬೇಡಿ. ಪರಸ್ಪರ ಒಪ್ಪದ, ಆದರೂ ಪೂರ್ಣಾಂಕಕ್ಕೆ ಯೋಗ್ಯವಾದ ಮೂರು ಉತ್ತರ ಕೊಡಿ. ಜೊತೆಗೆ ಚೆಂದದ ಮಾತುಗಳಿದ್ದೂ ಸೊನ್ನೆಗೆ ಯೋಗ್ಯವಾದ ಒಂದನ್ನು ಕೊಡಿ. ಮೌಲ್ಯಮಾಪಕರ ತರಬೇತಿಯಲ್ಲಿ ಒಂದು ದಿನ ಪೂರ್ತಿ ಆ ನಾಲ್ಕು ಉತ್ತರಗಳ ಮೇಲೆ ಅವರು ಜಗಳವಾಡಲಿ.

ಶಿಕ್ಷಕರೇ, ಮಂಡಲಿ ಏಳುವ ತನಕ ನೀವು ಕಾಯಬೇಕಿಲ್ಲ. ಆಂತರಿಕ ಅಂಕಗಳು ನಿಮ್ಮ ಕೈಯಲ್ಲಿವೆ. ಕವಿಗಳ ಫೋಟೋ ಸಾಕು, ವಾರಕ್ಕೊಂದು ಪ್ಯಾರಾ ಬರೆಸಿ. ಐದು ವಾಕ್ಯ, ಅಷ್ಟೇ. ‘ನನಗೆ ಅನಿಸುತ್ತದೆ’ ಎಂದು ಶುರುಮಾಡಲು ಹೇಳಿ, ‘ಯಾಕೆಂದರೆ’ ಎಂದು ಮುಂದುವರಿಸಲು ಹೇಳಿ, ಪದ್ಯದ ಒಂದು ಮಾತನ್ನಾದರೂ ತೋರಿಸದೆ ನಿಲ್ಲಿಸಕೂಡದು ಎನ್ನಿ. ಮನೋಜ್ಞ, ಮಾರ್ಮಿಕ, ಹೃದಯಂಗಮಗಳನ್ನು ಒಂದು ವರ್ಷ ತರಗತಿಯಿಂದ ಬಹಿಷ್ಕರಿಸಿ. ಮೊದಲ ತಿಂಗಳು ಕೆಟ್ಟದಾಗಿ ಬರೆಯುತ್ತಾರೆ, ಬರೆಯಲಿ. ಇಬ್ಬರ ಉತ್ತರ ಒಂದೇ ಥರ ಇದ್ದರೆ ಇಬ್ಬರಿಗೂ ವಾಪಸ್ ಕೊಡಿ. ಯಾರಾದರೂ ನಿಮ್ಮ ಅಭಿಪ್ರಾಯವನ್ನೇ ಪದ್ಯದಿಂದ ಸಾಕ್ಷಿ ತಂದು ಅಲ್ಲಗಳೆದರೆ ಆ ಪ್ಯಾರಾವನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿಸಿ. ಮುಂದಿನ ಪಠ್ಯ ಪರಿಷ್ಕರಣೆಗೆ ಬೀದಿಗಿಳಿಯುವ ಸಾಹಿತಿಗಳು ಪಾಠಗಳ ಪಟ್ಟಿಯ ಜೊತೆಗೆ ಅಭ್ಯಾಸದ ಪುಟವನ್ನೂ ಕೈಯಲ್ಲಿ ಹಿಡಿದು ಬರಲಿ. ಅದು ಬದಲಾಗುವ ತನಕ ತಮ್ಮ ಕವಿತೆಯನ್ನು ಪಠ್ಯಕ್ಕೆ ಕೊಡುವುದಿಲ್ಲ ಎಂದು ಒಬ್ಬ ಕವಿಯಾದರೂ ಸರ್ಕಾರಕ್ಕೆ ಕಾಗದ ಬರೆಯಲಿ.